ಹೂಮಳೆಯಿಂದ ಎಣಿಸಿದ ದಿನಗಳು

ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದೊಂದು ಚಿಕ್ಕ ರೊಬಸ್ಟಾ ಕಾಫಿ ತೋಟ. ಮನೆಯ ಮುಂದೆ ಕಾಫಿ ಒಣಗಿಸುವ ಕಣ, ಅದರಂಚಿಗೆ ಒಂದಿಷ್ಟು ಹೂಗಿಡಗಳು, ಹಿಂದೆ ಬಚ್ಚಲಿನ ನೀರು ಹರಿದುಹೋಗುವ ಕಡೆ ಬಾಳೆ, ಕರಿಬೇವು ಮತ್ತು ಎರಡು ಕಿತ್ತಳೆ ಗಿಡಗಳಿವೆ. ಫೆಬ್ರವರಿಯಿಂದ ಮೇ ತನಕ ಈ ಅಂಗಳದಲ್ಲಿ ಏನು ಅರಳುತ್ತದೆ, ಯಾವ ಹಕ್ಕಿ ಗೂಡು ಕಟ್ಟುತ್ತದೆ, ಯಾವುದು ಊರು ಬಿಡುತ್ತದೆ ಎಂಬುದನ್ನು ಆರು ವರ್ಷಗಳಿಂದ ಬರೆದಿಡುತ್ತಿದ್ದೇನೆ. ಮೊದಲ ಎರಡು ವರ್ಷ ದಿನಾಂಕ ಹಾಕಿ ಬರೆದೆ. ಎರಡೂ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದಕ್ಕೊಂದು ತಾಳೆಯಾಗಲಿಲ್ಲ. ಕಾಫಿ ಹೂವು ಒಂದು ವರ್ಷ ಮಾರ್ಚ್ ಮೊದಲ ವಾರದಲ್ಲಿ, ಇನ್ನೊಂದು ವರ್ಷ ತಿಂಗಳ ಕೊನೆಯಲ್ಲಿ ಬಂದಿತ್ತು. ನನ್ನ ಗೊಣಗಾಟ ಕೇಳಿದ ಮಾವನವರು, ದಶಕಗಳಿಂದ ಮಳೆ ಲೆಕ್ಕ ಬರೆಯುತ್ತ ಬಂದವರು, "ತಾರೀಕು ಬಿಡಮ್ಮಾ, ಮಳೆ ಬಿದ್ದ ದಿನದಿಂದ ಎಣಿಸು" ಎಂದರು. ಅಂದಿನಿಂದ ನನ್ನ ಪುಸ್ತಕದಲ್ಲಿ ಹೂಮಳೆ ಬಿದ್ದ ದಿನವೇ ಸೊನ್ನೆ.

ಬೇಸಿಗೆಯ ಮೊದಲ ದೊಡ್ಡ ಮಳೆಗೆ ನಾವು ಹೂಮಳೆ ಎನ್ನುತ್ತೇವೆ. ಚಳಿಗಾಲದ ಒಣಹವೆಯಲ್ಲಿ ಕಾಫಿಯ ಮೊಗ್ಗುಗಳು ಬೆಳವಣಿಗೆ ನಿಲ್ಲಿಸಿ ಮಲಗಿರುತ್ತವೆ. ನೀರು ಸಿಕ್ಕ ಕೂಡಲೇ ಎಚ್ಚೆತ್ತು ಕೆಲವೇ ದಿನಗಳಲ್ಲಿ ಊದಿಕೊಂಡು ಅರಳುತ್ತವೆ. ಅದಕ್ಕೆ ಸುಮಾರು 1 ಇಂಚು ಮಳೆಯಾದರೂ ಬೇಕು. ಕೊಡಗಿನ ಬೆಳೆಗಾರರು ಇಂದಿಗೂ ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲೇ ಹೇಳುವುದರಿಂದ ನಾನೂ ಹಾಗೆಯೇ ಬರೆಯುತ್ತೇನೆ. 100 ಸೆಂಟು ಸೇರಿದರೆ 1 ಇಂಚು. 20, 30 ಸೆಂಟು ಬಿದ್ದ ವರ್ಷ ಮೊಗ್ಗು ಅರ್ಧಕ್ಕೇ ನಿಂತು, ಅರಳಲೂ ಆಗದೆ ಮತ್ತೆ ಮಲಗಲೂ ಆಗದೆ ಕಪ್ಪಾದದ್ದನ್ನು ಕಂಡಿದ್ದೇನೆ. ಹಾಗಾಗಿ ಈ ಕೆಲಸಕ್ಕೆ ದುರ್ಬೀನಿಗಿಂತ ಮೊದಲು ಬೇಕಾದದ್ದು ಮಳೆಮಾಪಕ ಎಂಬುದು ನನ್ನ ಅಭಿಪ್ರಾಯ.

ನನ್ನ ಲೆಕ್ಕದಲ್ಲಿ ಸೊನ್ನೆಯ ದಿನ ಸಂಜೆಯೇ ರೆಕ್ಕೆಗೆದ್ದಲುಗಳು ಜಗಲಿಯ ದೀಪಕ್ಕೆ ಮುತ್ತುತ್ತವೆ, ಮತ್ತು ಅಷ್ಟು ದಿನ ಸುಳಿವೇ ಇಲ್ಲದಿದ್ದ ಪೊದೆಗಪ್ಪೆಗಳು ಕ್ರೋಟನ್ ಸಾಲಿನಿಂದ ಟಿಕ್ ಟಿಕ್ ಎಂದು ಕೂಗತೊಡಗುತ್ತವೆ. ನಾಲ್ಕನೆಯ ದಿನದ ಹೊತ್ತಿಗೆ ಕಣದಂಚಿನ ಮಳೆ ಲಿಲ್ಲಿ ಅರಳುತ್ತದೆ. ಎಂಟರಿಂದ ಹತ್ತನೆಯ ದಿನದೊಳಗೆ ಒಂದು ಬೆಳಗ್ಗೆ ಬಾಗಿಲು ತೆಗೆದರೆ ಇಡೀ ತೋಟ ಬೆಳ್ಳಗಾಗಿರುತ್ತದೆ. ಆ ಪರಿಮಳದ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಾನು ಬರೆಯುವುದು ಸದ್ದಿನ ಬಗ್ಗೆ. ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗವನ್ನು ಗಾಳಿಯೋ ಜೇನೋ ತಂದುಕೊಡಬೇಕು. ಆ ಮೂರು ದಿನ ಹೆಜ್ಜೇನು, ತುಡುವೆ ಜೇನು, ಗೋಡೆಯ ಬಿರುಕಿನಲ್ಲಿರುವ ಮುಜಂಟಿ ಎಲ್ಲವೂ ಒಟ್ಟಿಗೆ ಕೆಲಸಕ್ಕಿಳಿದು, ಜಗಲಿಯಲ್ಲಿ ಕುಳಿತವರಿಗೆ ದೂರದಲ್ಲಿ ಯಂತ್ರ ಓಡಿದಂತೆ ಕೇಳಿಸುತ್ತದೆ. ಒಂದು ವರ್ಷ ಹೂವು ಹುಣ್ಣಿಮೆಯ ಸಮಯಕ್ಕೆ ಬಂದಾಗ ಆ ಮೊರೆತ ರಾತ್ರಿಯೂ ನಿಲ್ಲಲಿಲ್ಲ. ಹೆಜ್ಜೇನು ಬೆಳದಿಂಗಳಲ್ಲೂ ಮೇಯುತ್ತದೆ ಎಂಬುದು ನನಗೆ ಆಗಲೇ ತಿಳಿದದ್ದು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ಹಬ್ಬಿ ದಕ್ಷಿಣ ಭಾರತದ ತುಡುವೆ ಜೇನಿನ ಕುಟುಂಬಗಳು ನಾಶವಾದಾಗ ನಮ್ಮ ಮನೆಯ ಪೆಟ್ಟಿಗೆಗಳೂ ಬರಿದಾಗಿದ್ದವಂತೆ. ಈಗ ಒಂದು ಪೆಟ್ಟಿಗೆಯಲ್ಲಿ ತಾನಾಗಿಯೇ ಬಂದು ಸೇರಿದ ಕುಟುಂಬವಿದೆ.

ಈ ಎಣಿಕೆಯಲ್ಲೂ ನಾನೊಮ್ಮೆ ಮೋಸಹೋದೆ. ಮಳೆಯೇ ಬಾರದಿದ್ದರೂ ಫೆಬ್ರವರಿ ನಡುವಿನಲ್ಲಿ ಬೇಲಿಯಾಚೆ ಹೂವು ಕಂಡು, ಕಾಲವೇ ಬದಲಾಯಿತೆಂದು ಎರಡು ಪುಟ ಬರೆದುಬಿಟ್ಟೆ. ಪಕ್ಕದ ತೋಟದವರು ಕೆರೆಯಿಂದ ಸ್ಪ್ರಿಂಕ್ಲರ್ ಹಾಕಿ ಹೂ ಅರಳಿಸಿದ್ದರು ಎಂದು ಮನೆಗೆಲಸದವಳು ನಕ್ಕು ಹೇಳಿದ ಮೇಲೆ ಆ ಪುಟಗಳಿಗೆ ಅಡ್ಡಗೆರೆ ಎಳೆದೆ.

ಎಲ್ಲವೂ ಮಳೆಗೆ ಕಾಯುವುದಿಲ್ಲ. ಮೆಣಸಿನ ಬಳ್ಳಿ ಹಬ್ಬಿಸಿದ ಹಾಲುವಾಣ ಮರಗಳು ಎಲೆ ಉದುರಿಸಿ, ಬರಿಕೊಂಬೆಯಲ್ಲೇ ಕೆಂಪು ಹೂ ಬಿಡುತ್ತವೆ. ಅಲ್ಲಿಗೆ ಕಾಜಾಣ, ಮೈನಾ, ಎಲೆಹಕ್ಕಿ, ಸೂರಕ್ಕಿಗಳು ಸರದಿ ತಪ್ಪದೆ ಬರುತ್ತವೆ. ಆದರೆ ನನ್ನ ಹೆಚ್ಚು ಸಮಯ ಹೋದದ್ದು ಹಳೆಯ ಕಿತ್ತಳೆ ಗಿಡದ ಬಂದಳಿಕೆಯ ಮುಂದೆ. ಮರದ ರಸ ಹೀರುವ ಇದನ್ನು ಕಂಡಲ್ಲಿ ಕಡಿಯಬೇಕೆಂಬುದು ತೋಟದ ನಿಯಮ, ಅದು ಸರಿಯೂ ಹೌದು. ಎರಡರಲ್ಲಿ ಒಂದು ಗಿಡ ಹೇಗೂ ಮುದಿಯಾಗಿದ್ದರಿಂದ ಅದರ ಮೇಲಿನದನ್ನು ಮಾತ್ರ ಬಿಟ್ಟುಕೊಂಡೆ. ಹೆಬ್ಬೆರಳಿನಷ್ಟೇ ಇರುವ ಬದನಿಕೆ ಹಕ್ಕಿ ಅದರ ಹಣ್ಣನ್ನು ನುಂಗಿ, ಸ್ವಲ್ಪ ಹೊತ್ತಿಗೆಲ್ಲ ಅಂಟು ಬೀಜವನ್ನು ಹೊರಹಾಕುವಾಗ ಕೊಂಬೆಗೆ ಹಿಂಭಾಗವನ್ನು ಉಜ್ಜುವುದನ್ನು ನೋಡುತ್ತ ಕುಳಿತರೆ, ಮುಂದಿನ ಬಂದಳಿಕೆ ಯಾವ ಕೊಂಬೆಯಲ್ಲಿ ಹುಟ್ಟೀತೆಂದು ಊಹಿಸಬಹುದು. ಇನ್ನೊಂದು ಎಳೆಯ ಗಿಡದಲ್ಲಿ ಹಕ್ಕಿಯ ಹಿಕ್ಕೆಯಂತೆ ಕಾಣುವ ಮರಿಹುಳುಗಳಿದ್ದವು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲನ್ನು ಹೊರಚಾಚಿ ಘಾಟು ವಾಸನೆ ಬಿಡುವ ಇವು ದೊಡ್ಡದಾಗಿ ಹಸಿರು ಬಣ್ಣಕ್ಕೆ ತಿರುಗಿ, ಕೊನೆಗೆ ಕಪ್ಪು ಚಿಟ್ಟೆಗಳಾದವು. ಗಿಡ ಅರ್ಧ ಬೋಳಾಯಿತು. ಮಳೆಗಾಲದಲ್ಲಿ ಮತ್ತೆ ಚಿಗುರಿತು.

ನೋಡುವ ಕ್ರಮದ ಬಗ್ಗೆಯೂ ಹೇಳಬೇಕು. ನಸುಕಿನಲ್ಲೇ ತೋಟ ಸುತ್ತುವುದು ನಮ್ಮ ಕಡೆ ಆಗದ ಮಾತು, ಏಕೆಂದರೆ ಹಲಸು ಬಲಿಯುವ ಹೊತ್ತಿಗೆ ಆನೆಗಳು ತೋಟದಲ್ಲೇ ಉಳಿದಿರುತ್ತವೆ. ಆದ್ದರಿಂದ ಬೆಳಕು ಹರಿದ ಮೇಲೆ, ಆರೂವರೆಯಿಂದ 20 ನಿಮಿಷ, ಜಗಲಿಯ ಒಂದೇ ಕುರ್ಚಿಯಲ್ಲಿ ಕೂರುತ್ತೇನೆ. ಮರಗಳನ್ನು ವಾರಕ್ಕೊಮ್ಮೆ, ಭಾನುವಾರ ಮಾತ್ರ ನೋಡುತ್ತೇನೆ. ದೇಶದಾದ್ಯಂತ ನಡೆಯುವ ಸೀಸನ್‌ವಾಚ್ ಕಾರ್ಯಕ್ರಮದಲ್ಲಿ ಮಾಡುವಂತೆ ಅದದೇ ಮರಗಳ ಚಿಗುರು, ಹೂ, ಕಾಯಿಗಳ ಮುಂದೆ ಇಲ್ಲ, ಸ್ವಲ್ಪ, ಬಹಳ ಎಂದಷ್ಟೇ ಗುರುತು ಹಾಕಿದರೆ ಸಾಕು. ಹೂ ಎಣಿಸಲು ಹೋದರೆ ಎರಡನೆಯ ವಾರಕ್ಕೇ ಬೇಸರ ಬರುತ್ತದೆ. ಹಕ್ಕಿಗಳಿಗೆ ಇಟ್ಟ ನೀರಿನ ಬೋಗುಣಿ ಮೊದಲು ಆಳವಾಗಿತ್ತು, ಒಂದೂ ಇಳಿಯಲಿಲ್ಲ. ನಡುವೆ ಚಪ್ಪಟೆ ಕಲ್ಲಿಟ್ಟು, ನೀರು ಎರಡು ಬೆರಳಿನಷ್ಟೇ ನಿಲ್ಲುವಂತೆ ಮಾಡಿದ ದಿನವೇ ಪಿಕಳಾರಗಳು ಮೀಯಲು ಬಂದವು.

ಪಿಕಳಾರ ಎಂದಾಗ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಮೂರನೆಯ ವರ್ಷ ದಾಸವಾಳದ ಪೊದೆಯಲ್ಲಿ ಅದು ಗೂಡು ಕಟ್ಟಿ ಎರಡು ಮೊಟ್ಟೆ ಇಟ್ಟಿತ್ತು. ಮರಿಯಾಗಲು ಹನ್ನೆರಡು ದಿನ ಬೇಕೆಂದು ತಿಳಿದಿದ್ದ ನಾನು ದಿನವೂ ಎಲೆ ಸರಿಸಿ ಮೊಬೈಲಿನಲ್ಲಿ ಚಿತ್ರ ತೆಗೆದೆ. ಏಳನೆಯ ದಿನ ನಾನು ಒಳಗೆ ಹೋದ ಬೆನ್ನಿಗೇ ಕೆಂಬೂತವೊಂದು, ನಾನು ಸರಿಸಿದ್ದ ಎಲೆಗಳ ಸಂದಿನಿಂದಲೇ ನುಗ್ಗಿ ಎರಡೂ ಮೊಟ್ಟೆ ತಿಂದಿತು. ಈಗ ಗೂಡು ಕಂಡರೆ ಅಡುಗೆಮನೆಯ ಕಿಟಕಿಯಿಂದಲೇ ನೋಡುತ್ತೇನೆ, ಮೊಟ್ಟೆ ಎಷ್ಟೆಂದು ತಿಳಿಯದಿದ್ದರೂ ಸರಿ.

ಗೂಡುಗಳಿಗೆ ಅದಕ್ಕಿಂತ ದೊಡ್ಡ ಅಪಾಯ ಮರಗಸಿ. ಮುಂಗಾರಿಗೆ ಮೊದಲು ತೋಟಕ್ಕೆ ಬೆಳಕು ಬಿಡಲು ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನ ಕೊಂಬೆ ಕಡಿಯುವ ಕಾಲ, ಕುಟುರ ಹಕ್ಕಿ ಮರಿ ಸಾಕುವ ಕಾಲವೂ ಹೌದು. ಕಣದ ಪಕ್ಕದ ಹಾಲುವಾಣದ ಒಣಕೊಂಬೆಯಲ್ಲಿ ಅದು ಪೊಟರೆ ಕೊರೆದಿತ್ತು. ಮರ ಹತ್ತುವವನು "ಅಕ್ಕಾ, ಇದು ಬಿದ್ದರೆ ಕೆಳಗಿನ ನಾಲ್ಕು ಗಿಡ ಹೋಗುತ್ತದೆ" ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆ ಮರವೊಂದನ್ನು ಕೊನೆಗೆ ಇಟ್ಟುಕೊಳ್ಳುವಂತೆ ಹೇಳಿದೆ. ಉಳಿದ ತೋಟ ಮುಗಿಯಲು ಹದಿನೆಂಟು ದಿನ ಹಿಡಿಯಿತು. ಅಷ್ಟರಲ್ಲಿ ಪೊಟರೆಯ ಬಾಯಿಗೆ ಬರುತ್ತಿದ್ದ ಮರಿಯ ತಲೆ ಕಾಣದಾಗಿ ಮೂರು ದಿನವಾಗಿತ್ತು, ಕೊಂಬೆಯನ್ನು ಹಗ್ಗ ಕಟ್ಟಿ ಇಳಿಸಿದೆವು.

ಮಳೆಗೂ ಎಣಿಕೆಗೂ ಸಿಕ್ಕದೆ ಉಳಿದದ್ದು ಬಚ್ಚಲ ನೀರಿನ ಬಳಿಯ ಹಳದಿ ಹೊಟ್ಟೆಯ ಕುಂಡೆಕುಸ್ಕ ಒಂದೇ. ಮಳೆಗಾಲದ ಕೊನೆಗೆ ಉತ್ತರದಿಂದ ಬಂದು, ಚಳಿಗಾಲವಿಡೀ ಬಾಲ ಕುಣಿಸುತ್ತ ಅದೇ ಕಲ್ಲಿನ ಮೇಲೆ ಓಡಾಡುವ ಈ ಹಕ್ಕಿಯ ಗಂಟಲು ಮಾರ್ಚ್ ವೇಳೆಗೆ ಕಪ್ಪಾಗತೊಡಗುತ್ತದೆ. ಹೂಮಳೆ ಬೇಗ ಬರಲಿ, ತಡವಾಗಲಿ, ಅದು ಹೊರಡುವುದರಲ್ಲಿ ಹೆಚ್ಚುಕಡಿಮೆ ಇಲ್ಲ. ಹಾಗಾಗಿ ಅದೊಂದಕ್ಕೆ ಮಾತ್ರ ಪುಸ್ತಕದ ಕೊನೆಯ ಪುಟದಲ್ಲಿ ಈಗಲೂ ತಾರೀಕು ಹಾಕಿಯೇ ಬರೆಯುತ್ತೇನೆ. ಈ ವರ್ಷದ್ದು ಏಪ್ರಿಲ್ 6.