ಹಳೆಯ ಕೂಲರ್ ಮೋಟರು ಮತ್ತು ನಮ್ಮ ಕೆಂಚಿಯ ದೀಪಾವಳಿ

ಕಳೆದ ಬಲಿಪಾಡ್ಯಮಿಯ ರಾತ್ರಿ ಒಂಬತ್ತೂವರೆಗೆ ನಮ್ಮ ನಾಯಿ ಕೆಂಚಿ ಗೊರಕೆ ಹೊಡೆಯುತ್ತಿದ್ದಳು. ಹೊರಗೆ ಬುರುಜನಹಟ್ಟಿಯ ಹುಡುಗರು ಸಾವಿರದ ಸರಕ್ಕೆ ಬೆಂಕಿ ಇಟ್ಟಿದ್ದರು. ಭಾವಮೈದುನ ಬಾಗಿಲ ಸಂದಿಯಲ್ಲಿ ಇಣುಕಿ, "ಭಾವ, ನಿದ್ದೆ ಮಾತ್ರೆ ಏನಾದರೂ ಕೊಟ್ಟಿದ್ದೀರಾ?" ಎಂದು ಕೇಳಿದ. ನಾಲ್ಕು ವರ್ಷ ನನ್ನನ್ನು ಆಡಿಕೊಂಡವನು ಅವನು. ಆ ಒಂದು ಪ್ರಶ್ನೆಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಚಿತ್ರದುರ್ಗದಲ್ಲಿ ಒಂದು ಪಟಾಕಿಗೆ ಎರಡು ಸದ್ದು. ಸಿಡಿದಾಗ ಒಂದು, ಕೋಟೆಯ ಬಂಡೆಗೆ ಬಡಿದು ಹಿಂದಿರುಗುವಾಗ ಇನ್ನೊಂದು. ಬಯಲುಸೀಮೆಯ ಬೇರೆ ಊರುಗಳಲ್ಲಿ ನಾಯಿ ಸದ್ದು ಬಂದ ಕಡೆಗೆ ಬೆನ್ನು ಮಾಡಿ ಓಡುತ್ತದೆ. ಇಲ್ಲಿ ಅದಕ್ಕೆ ಯಾವ ಕಡೆ ಓಡಬೇಕೆಂಬುದೇ ತಿಳಿಯುವುದಿಲ್ಲ.

2021ರಲ್ಲಿ ಆದದ್ದೂ ಅದೇ. ಕೆಂಚಿ ಅರ್ಧ ಮುಧೋಳ. ಆ ತಳಿ ಸಾಕಿದವರಿಗೆ ಗೊತ್ತು, ಕುತ್ತಿಗೆಯ ದಪ್ಪಕ್ಕೆ ಹೋಲಿಸಿದರೆ ತಲೆ ಸಣ್ಣದು. ನರಕ ಚತುರ್ದಶಿಯ ಸಂಜೆ ಮೂತ್ರಕ್ಕೆಂದು ಹೊರಗೆ ಕರೆದೊಯ್ದಿದ್ದೆ. ಯಾರೋ ಆಟಂ ಬಾಂಬ್ ಹಚ್ಚಿದರು. ಅವಳು ಹಿಂದಕ್ಕೆ ಜಗ್ಗಿ ತಲೆ ತಗ್ಗಿಸಿದಳು, ಅಷ್ಟೆ. ಪಟ್ಟಿ ನನ್ನ ಕೈಯಲ್ಲಿ, ನಾಯಿ ಬೀದಿಯಲ್ಲಿ. ಫೋನ್ ನಂಬರು ಕೊರೆಸಿದ ಬಿಲ್ಲೆಯೂ ಪಟ್ಟಿಯ ಜೊತೆ ನನ್ನ ಕೈಯಲ್ಲೇ ಉಳಿದಿತ್ತು!

ಮೂರನೆಯ ದಿನ ಚಂದ್ರವಳ್ಳಿಯ ಕಡೆ ಕುರಿ ಕಾಯುವ ಅಜ್ಜನೊಬ್ಬನ ಬುತ್ತಿಗೆ ಕಾದು ಕೂತಿದ್ದಳು. ಕರಪತ್ರಕ್ಕೆ ಎಂಟುನೂರು, ಆಟೋದಲ್ಲಿ ಕೂಗಿಸಿದ್ದಕ್ಕೆ ಆರೇಳು ನೂರು, ಅಜ್ಜನಿಗೆ ಎರಡು ಸಾವಿರ, ಅಂಗಡಿ ಮುಚ್ಚಿದ ಮೂರು ದಿನದ ದುಡಿಮೆ ಬೇರೆ. ಏಳೆಂಟು ಸಾವಿರ ಹೋಯಿತು. "ಆ ದುಡ್ಡಿಗೆ ಇನ್ನೊಂದು ನಾಯಿ ಬರುತ್ತಿತ್ತು" ಎಂದದ್ದು ಇದೇ ಭಾವಮೈದುನ.

ಮರುವರ್ಷ ನಾನು ಮಾಡಿದ್ದು ಶುದ್ಧ ಪೆದ್ದತನ. ಪರಿಚಯದವರೊಬ್ಬರ ಮಾತು ಕೇಳಿ ಯಾವುದೋ ಮಂಪರಿನ ಮಾತ್ರೆ ಕೊಟ್ಟೆ. ಕಾಲು ಸೋತು ಮಲಗಿದಳು, ಆದರೆ ಕಣ್ಣು ಮುಚ್ಚಲಿಲ್ಲ. ಪ್ರತಿ ಸದ್ದಿಗೂ ಚರ್ಮ ಅದುರುತ್ತಿತ್ತು, ಏಳಲು ಆಗುತ್ತಿರಲಿಲ್ಲ. ಪಶುವೈದ್ಯರು ಚೆನ್ನಾಗಿ ಬೈದರು. ಕೆಲವು ಮಾತ್ರೆಗಳು ಮೈಯನ್ನು ಮಾತ್ರ ಕಟ್ಟಿಹಾಕುತ್ತವೆ, ಹೆದರಿಕೆ ಒಳಗೆ ಹಾಗೆಯೇ ಇರುತ್ತದೆಯಂತೆ. ಭಯಕ್ಕೆಂದೇ ಕೊಡುವ ಮಾತ್ರೆಗಳು ಬೇರೆ ಇವೆ, ಅವನ್ನು ತೂಕ ನೋಡಿ ವೈದ್ಯರೇ ಬರೆಯಬೇಕು. ಆ ರಾತ್ರಿಯ ಕಣ್ಣುಗಳನ್ನು ನೋಡಿದ ಮೇಲೆ ನನಗೆ ಮಾತ್ರೆಯ ಸಹವಾಸವೇ ಬೇಡವೆನಿಸಿತು.

ಪಟ್ಟಿಯ ವಿಷಯ. ಈಗ ಅವಳಿಗೆ ಎರಡು ಪಟ್ಟಿ. ಹೊರಗೆ ಹೋಗುವಾಗ ಅಗಲದ್ದು, ಜಗ್ಗಿದರೆ ತಾನೇ ಬಿಗಿಯಾಗುವಂಥದ್ದು. ಪೇಟೆಯಲ್ಲಿ ಸಾವಿರದ ಮೇಲೆ ಹೇಳಿದರು. ಬ್ಯಾಗ್ ರಿಪೇರಿಯವನ ಹತ್ತಿರ ನೈಲಾನ್ ಪಟ್ಟಿ, ಎರಡು ಲೋಹದ ಬಳೆ ಕೊಟ್ಟು ನೂರಿಪ್ಪತ್ತು ರೂಪಾಯಿಗೆ ಹೊಲಿಸಿದೆ. ಬಳೆಗಳ ನಡುವೆ ಎಷ್ಟು ಅಂತರ ಬಿಡಬೇಕೆಂದು ತಿಳಿಯಲು ಮೂರು ಪಟ್ಟಿ ಹಾಳಾದವು. ಆ ಅಳತೆ ನನ್ನ ಹತ್ತಿರವೇ ಇರಲಿ, ನಿಮ್ಮ ನಾಯಿಯ ಕುತ್ತಿಗೆ ಬೇರೆ. ಮನೆಯೊಳಗೆ ಇದನ್ನು ತೆಗೆಯುತ್ತೇನೆ, ಎಲ್ಲಾದರೂ ಸಿಕ್ಕಿಕೊಂಡರೆ ಉರುಳಾಗುತ್ತದೆ. ಇನ್ನೊಂದು ತೆಳುವಾದ ಪಟ್ಟಿ, ಎರಡು ಬೆರಳು ತೂರುವಷ್ಟು ಮಾತ್ರ ಸಡಿಲ, ಹಗಲು ರಾತ್ರಿ ಮೈಮೇಲೆಯೇ ಇರುತ್ತದೆ.

ಬಿಲ್ಲೆ ಇರುವುದು ಅದರ ಮೇಲೆ. ಸ್ಟೀಲ್ ಪಾತ್ರೆಗೆ ಹೆಸರು ಕೊರೆಯುವವನಿಂದಲೇ ಹಿತ್ತಾಳೆಯ ತುಂಡಿನ ಮೇಲೆ ನಂಬರು ಬರೆಸಿದೆ. "ಮದುವೆಯ ಉಡುಗೊರೆಯೇ ಅಣ್ಣ?" ಎಂದು ನಕ್ಕ. ಹತ್ತಂಕಿಗೆ ಮೂವತ್ತು ರೂಪಾಯಿ ತೆಗೆದುಕೊಂಡ. ತೂಗುಬಿಡಬೇಡಿ, ಪಟ್ಟಿಗೆ ಒತ್ತಿ ರಿವೆಟ್ ಹೊಡೆಸಿ. ತೂಗುವ ಬಿಲ್ಲೆಯ ಬಳೆ ಬೇಗ ಸವೆಯುತ್ತದೆ. ನಾಯಿಯ ಹೆಸರು ಹಾಕಿಸಲಿಲ್ಲ. ಆ ಜಾಗದಲ್ಲಿ ಹೆಂಡತಿಯ ನಂಬರು ಬಂತು, ಹಬ್ಬದ ದಿನ ನನ್ನ ಫೋನು ಯಾವಾಗಲೂ ಚಾರ್ಜ್ ಮುಗಿದಿರುತ್ತದೆ.

ನಡುವೆ ಕ್ಯೂಆರ್ ಕೋಡ್ ಬಿಲ್ಲೆಯನ್ನೂ ತರಿಸಿ ನೋಡಿದೆ, ಮುನ್ನೂರೈವತ್ತು. ನಾಯಿಗೆ ಹಾಕುವ ಮೊದಲು ಅಂಗಡಿಗೆ ಬಂದ ಹತ್ತು ಜನರ ಕೈಗೆ ಕೊಟ್ಟೆ. ಮೂವರು ಮೊಬೈಲ್ ಹಿಡಿದರು. ಒಬ್ಬ ರೈತರು ಉಗುರಿನಿಂದ ಕೆರೆದು, "ಲಾಟರಿಯೇನಪ್ಪ?" ಎಂದರು. ಚಂದ್ರವಳ್ಳಿಯ ಅಜ್ಜನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಫೋನು. ಬಿಲ್ಲೆ ಈಗ ಮೊಮ್ಮಗಳ ಆಟಿಕೆ.

ಚಿಪ್ ಹಾಕಿಸಿದ್ದೇನೆ, ಏಳುನೂರೋ ಎಂಟುನೂರೋ ಆಯಿತು. ಅಕ್ಕಿಕಾಳಿನಷ್ಟು, ಹೆಗಲಿನ ನಡುವೆ ಚರ್ಮದ ಅಡಿಯಲ್ಲಿ. ನಾಯಿ ಎಲ್ಲಿದೆ ಎಂದು ಅದು ಹೇಳುತ್ತದೆಂದು ಪಕ್ಕದ ಮನೆಯವರು ಇಂದಿಗೂ ನಂಬಿದ್ದಾರೆ. ಅದರಲ್ಲಿ ಬ್ಯಾಟರಿಯೇ ಇಲ್ಲ, ಸ್ಕ್ಯಾನರ್ ಹಿಡಿದರೆ ಹದಿನೈದು ಅಂಕಿ ತೋರಿಸುತ್ತದೆ ಅಷ್ಟೆ. ಆ ಅಂಕಿಯ ಎದುರು ನಿಮ್ಮ ಹೆಸರು, ಫೋನು ನೋಂದಣಿಯಾಗಿರಬೇಕು. ನಾಳೆ ಯಾರಾದರೂ "ಇದು ನಮ್ಮದು" ಎಂದು ಜಗಳಕ್ಕೆ ಬಂದರೆ ಚಿಪ್, ಮನೆಗೆ ತಲುಪಬೇಕಾದರೆ ಮೂವತ್ತು ರೂಪಾಯಿಯ ಹಿತ್ತಾಳೆ.

ಈಗ ಮೋಟರಿನ ಕಥೆ. ನನ್ನದು ಮೋಟರಿಗೆ ತಂತಿ ಸುತ್ತುವ ವೈಂಡಿಂಗ್ ಅಂಗಡಿ. ಸುತ್ತಿದ ಪಂಪನ್ನು ಪರೀಕ್ಷೆಗೆ ಓಡಲು ಬಿಟ್ಟಾಗ ಕೆಂಚಿ ಅದೇ ಮೇಜಿನ ಕೆಳಗೆ ಮಲಗುತ್ತಾಳೆ. ಒಮ್ಮೆ ಹೊರಗೆ ಲಾರಿಯ ಟೈರು ಸಿಡಿಯಿತು. ನಾನು ಬೆಚ್ಚಿ ಸ್ಕ್ರೂಡ್ರೈವರ್ ಬೀಳಿಸಿದೆ, ಅವಳು ಕಿವಿ ಅಲುಗಿಸಿ ಮತ್ತೆ ಮಲಗಿದಳು. ಅಲ್ಲಿಗೆ ಅರ್ಥವಾಯಿತು. ಅಲ್ಲಿಯವರೆಗೆ ಫ್ಯಾನು, ಟಿವಿ, ಆಕಾಶವಾಣಿ ಎಲ್ಲವನ್ನೂ ಹಾಕಿ ನೋಡಿದ್ದೆ. ಅವು ಚಟಪಟ ಸದ್ದನ್ನು ಮುಚ್ಚುತ್ತವೆ, ಎದೆಗೆ ಗುದ್ದುವ ಢಂ ಅನ್ನು ಮುಚ್ಚುವುದಿಲ್ಲ. ಅದಕ್ಕೆ ತಗ್ಗಿನ ಹೂಂಕಾರವೇ ಬೇಕು. ಗುಜರಿಯಿಂದ ಕೂಲರ್ ಮೋಟರೊಂದನ್ನು ಇನ್ನೂರೈವತ್ತಕ್ಕೆ ತಂದು ಸುತ್ತಿದೆ. ಆ ಹೂಂಕಾರ ಬರಲು ಬೇರಿಂಗಿಗೆ ಏನು ಮಾಡಿದೆ ಎಂದು ಕೇಳಬೇಡಿ. ನಾಯಿಗೆ ಎಟುಕದಂತೆ ಜಾಲರಿಯೊಳಗೆ, ಹಬ್ಬಕ್ಕೆ ಕೆಂಚಿ ಇರುವ ಉಗ್ರಾಣದ ಗೋಡೆಗೆ ಬಿಗಿದೆ. ಕಿಟಕಿಗೆ ಎರಡು ಕೌದಿ, ನಡುವೆ ಗೋಣಿಚೀಲ. ಮೇಲಿನ ಗವಾಕ್ಷಿಯನ್ನು ಗಾಳಿಗೆ ಬಿಟ್ಟಿದ್ದೇನೆ.

2023ರಲ್ಲಿ ಎಲ್ಲ ಸಿದ್ಧವಿತ್ತು, ಕರೆಂಟು ಹೋಯಿತು. ಇಪ್ಪತ್ತು ನಿಮಿಷ. ಹೂಂಕಾರ ಥಟ್ಟನೆ ನಿಂತು ಢಂ ಎಂದದ್ದು ಮೊದಲಿಗಿಂತ ಕೆಟ್ಟದಾಯಿತು, ಬಾಗಿಲು ಕೆರೆದು ಉಗುರು ಕಿತ್ತುಕೊಂಡಳು. ಈಗ ಮೋಟರು ಇನ್ವರ್ಟರ್ ಮೇಲೆ. ಮರುವರ್ಷ ಹೊಸ್ತಿಲಲ್ಲಿ ಸಗಣಿಯ ಹಟ್ಟಿ ಲಕ್ಕವ್ವನನ್ನು ಇಡುವಾಗ ಬಾಗಿಲು ತೆರೆದೇ ಇತ್ತು, ಅಂಗಳದವರೆಗೆ ಓಡಿದಳು. ಅಂದಿನಿಂದ ಉಗ್ರಾಣಕ್ಕೂ ಬೀದಿಗೂ ನಡುವೆ ಎರಡು ಬಾಗಿಲು, ಒಂದು ಮುಚ್ಚದೆ ಇನ್ನೊಂದನ್ನು ತೆರೆಯುವಂತಿಲ್ಲ. ಹೆಂಡತಿಗೆ ಇದು ಜೈಲಿನ ಹಾಗೆ ಕಾಣುತ್ತದೆ.

ಪಟಾಕಿ ಸದ್ದಿನ ಅಭ್ಯಾಸವನ್ನು ಗಣೇಶನ ಹಬ್ಬದ ಮಾರನೆಯ ದಿನವೇ ಶುರು ಮಾಡಬೇಕು, ಏಳೆಂಟು ವಾರ ಸಿಗುತ್ತದೆ. ಮೊಬೈಲಿನಲ್ಲಿ ಪಟಾಕಿ ಸದ್ದು ಹಾಕಿ ಪಳಗಿಸಲು ಹೋದವರು ಕೆಟ್ಟರು. ಅಷ್ಟು ಸಣ್ಣ ಸ್ಪೀಕರಿನಲ್ಲಿ ಢಂ ಬರುವುದೇ ಇಲ್ಲ. ಶಾಮಿಯಾನದವರ ದೊಡ್ಡ ಪೆಟ್ಟಿಗೆ ತಂದು, ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ, ಸದ್ದಿನ ಬೆನ್ನಿಗೇ ಬೇಯಿಸಿದ ಲಿವರ್ ಚೂರು ಕೊಟ್ಟೆ. ವಾರಕ್ಕೊಮ್ಮೆ ಒಂದು ಗೆರೆ ಏರಿಸಿದೆ. ಅವಳು ಕಿವಿ ಹಿಂದಕ್ಕೆ ಮಡಿಸಿದರೆ ಒಂದು ಗೆರೆ ಇಳಿಕೆ.

ಸುಪ್ರೀಂ ಕೋರ್ಟ್ 2018ರಲ್ಲಿ ದೀಪಾವಳಿಯ ಪಟಾಕಿಗೆ ರಾತ್ರಿ ಎಂಟರಿಂದ ಹತ್ತು ಎಂದು ಹೇಳಿದೆ. ನಮ್ಮ ಬೀದಿಯಲ್ಲಿ ಅಭ್ಯಂಜನ ಮುಗಿಸಿದ ಹುಡುಗರು ಬೆಳಗಿನ ಐದಕ್ಕೇ ಹಚ್ಚುತ್ತಾರೆ. ಹಾಗಾಗಿ ಹಬ್ಬದ ಮೂರೂ ದಿನ ಬೆಳಗಿನ ನಾಲ್ಕೂವರೆಗೆ ಒಮ್ಮೆ, ಸೂರ್ಯ ಇಳಿಯುವ ಮೊದಲು ಒಮ್ಮೆ ಕೆಂಚಿ ಹೊರಗೆ. ಸಂಜೆ ಐದಕ್ಕೆ ಎಲುಬಿನ ಸಾರಿನಲ್ಲಿ ಮುದ್ದೆ.

ಬೆಕ್ಕಿನ ಮೇಲೆ ಇದ್ಯಾವುದೂ ನಡೆಯಲಿಲ್ಲ. ಅದು ಅಟ್ಟದ ಮೇಲಿನ ಹಂಡೆಯಲ್ಲಿ ಕೂತು ಮೂರು ದಿನ ಕಳೆಯಿತು, ಮೋಟರಿಗೇ ಹೆದರಿಕೊಂಡು.

ಭಾವಮೈದುನ ಈ ವರ್ಷ ಲ್ಯಾಬ್ರಡಾರ್ ತಂದಿದ್ದಾನೆ. ಅದಕ್ಕೂ ಒಂದು ಮೋಟರು ಬೇಕಂತೆ. ಸಾವಿರದ ಇನ್ನೂರು ಹೇಳಿದ್ದೇನೆ, ಬೇರಿಂಗಿನ ದುಡ್ಡು ಮುಂಗಡ.