ಅನಿಯತ ಖರ್ಚುಗಳಿಗೆ ವರ್ಷದ ಲೆಕ್ಕ
ಕಾಸರಗೋಡಿನ ಅಡಿಕೆ ಕೃಷಿಕರ ಮನೆಗಳಲ್ಲಿ ದುಡ್ಡು ಬರುವುದು ಅಡಿಕೆ ಮಾರಿದಾಗ, ಖರ್ಚು ಬರುವುದು ತನಗೆ ತೋಚಿದಾಗ. ಆದ್ದರಿಂದ ಮೊದಲು ಕಳೆದ ವರ್ಷದ ಪಾಸ್‌ಪುಸ್ತಕವನ್ನು ಮುಂದಿಟ್ಟುಕೊಂಡು, ಮಳೆಗಾಲದ ಮುನ್ನ ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ ಸಿಂಪಡಿಸುವುದಕ್ಕೆ ಬೇಕಾದ ಮೈಲುತುತ್ತು, ಸುಣ್ಣ ಹಾಗೂ ಮರ ಹತ್ತುವವರ ಕೂಲಿ, ಜೂನ್ ತಿಂಗಳ ಶಾಲಾ ಖರ್ಚು, ವಾಹನ ವಿಮೆ, ಪಂಪ್ ದುರಸ್ತಿ, ಮದುವೆಯ ಉಡುಗೊರೆ ಇವೆಲ್ಲವನ್ನೂ ತಿಂಗಳವಾರು ಬರೆದುಕೊಳ್ಳಬೇಕು. ಒಟ್ಟು 60,000 ರೂಪಾಯಿ ಆದರೆ ತಿಂಗಳ ಪಾಲು 5,000. ತಿಂಗಳ ಆದಾಯವಿಲ್ಲದವರು ಫಸಲು ಮಾರಿದ ದಿನವೇ ಇಡೀ ಮೊತ್ತವನ್ನು ಬೇರೆ ಉಳಿತಾಯ ಖಾತೆಗೆ ಹಾಕುವುದು ಕ್ಷೇಮ.

ಮಂಗಳೂರಿನ ಆಸ್ಪತ್ರೆಗೆ ಓಡಬೇಕಾದ ತುರ್ತಿಗೆ ಈ ಹಣವನ್ನು ಮುಟ್ಟಬಾರದು. ಅದಕ್ಕಾಗಿ ಕನಿಷ್ಠ 3 ತಿಂಗಳ ಮನೆಖರ್ಚಿನಷ್ಟು ಹಣ, ಬೇಕೆಂದಾಗ ತೆಗೆಯಲು ಬರುವಂತೆ, ಪ್ರತ್ಯೇಕವಾಗಿರಬೇಕು.