ರಬ್ಬರ್ ಹಾಲು, ಹುಣಸೆ ಬೀಜ ಮತ್ತು 24 ಪಿಎಸ್‌ಐ: ಸೈಕ್ಲೋಕ್ರಾಸ್ ಟಯರಿನ ನನ್ನ ಅನುಭವ

ಕಳೆದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕಾಸರಗೋಡಿನ ಪೆರ್ಲದ ಬಳಿ ನಮ್ಮವರೇ ಸೇರಿ ನಡೆಸಿದ ಸೈಕ್ಲೋಕ್ರಾಸ್ ರೇಸಿನಲ್ಲಿ, ಎಂದರೆ ಕೆಸರು, ಕಲ್ಲು, ಅಡೆತಡೆಗಳ ದಾರಿಯಲ್ಲಿ ಸುತ್ತುಸುತ್ತಾಗಿ ಓಡಿಸುವ ಸೈಕಲ್ ಪಂದ್ಯದಲ್ಲಿ, ನಾನು ಮುಂದಿನ ಟಯರಿಗೆ 22, ಹಿಂದಿನದಕ್ಕೆ 24 ಪಿಎಸ್‌ಐ (ಗಾಳಿಯೊತ್ತಡದ ಅಳತೆ) ಗಾಳಿ ಇಟ್ಟು, ಆರೂ ಸುತ್ತನ್ನು ಒಂದೇ ಸೈಕಲ್ಲಿನಲ್ಲಿ, ಒಮ್ಮೆಯೂ ಪಂಪು ಮುಟ್ಟದೆ ಮುಗಿಸಿದೆ. ಹದಿನೇಳು ಮಂದಿಯಲ್ಲಿ ಮೂರನೆಯವನಾಗಿ ಬಂದೆ. ನನಗಿಂತ ಮುಂದಿದ್ದ ಇಬ್ಬರಿಗೂ ನನ್ನ ಅರ್ಧದಷ್ಟು ವಯಸ್ಸು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಟಯರಿನೊಳಗೆ ಇದ್ದದ್ದು ಪಂಕ್ಚರಿನ ತೂತು ಮುಚ್ಚಲು ಅಂಗಡಿಯಲ್ಲಿ ಸಿಗುವ ಸೀಲೆಂಟ್ ಎಂಬ ದ್ರವವಲ್ಲ, ನಮ್ಮದೇ ಗುಡ್ಡೆಯ ರಬ್ಬರ್ ಮರದ ಹಾಲು. ಎರಡು ವರ್ಷ ಇದನ್ನು ಕೇಳಿ ನಕ್ಕವರೇ ಈಗ "ಹೇಗೆ ಮಾಡಿದಿರಿ ಮಾಷ್ಟ್ರೇ" ಎಂದು ಫೋನು ಮಾಡುತ್ತಿರುವುದರಿಂದ, ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುವ ಬದಲು ಒಮ್ಮೆ ಬರೆದುಬಿಡುವುದು ಲೇಸೆಂದು ತೋರಿತು.

ನಮ್ಮ ಸುತ್ತು ಹೇಗಿರುತ್ತದೆಂಬುದು ಬಂದವರಿಗೆಲ್ಲ ಗೊತ್ತು. ಬೇಸಾಯವಿಲ್ಲದೆ ಹಡಿಲು ಬಿಟ್ಟ ಗದ್ದೆಯಲ್ಲಿ ಹೊರಟು, ಅಡಿಕೆ ತೋಟದೊಳಗೆ ನೀರಿನ ಕಣಿಯ ಬದಿ ಹಿಡಿದು, ಎರಡು ತಡಮೆ (ಹಾರಿ ದಾಟುವ ಅಡ್ಡಕಟ್ಟು) ದಾಟಿ, ಸೈಕಲ್ಲನ್ನು ಹೆಗಲಿಗೇರಿಸಿ ಬರೆ (ಕಡಿದಾದ ಮಣ್ಣಿನ ದಿಬ್ಬ) ಹತ್ತಿ, ಪದವಿನ (ಗುಡ್ಡದ ಮೇಲಿನ ಕಲ್ಲುಬಯಲಿನ) ಮುರಕಲ್ಲಿನ ಮೇಲೆ ಅರ್ಧ ಕಿಲೋಮೀಟರಿನಷ್ಟು ಓಡಿಸಿ ಮತ್ತೆ ಗದ್ದೆಗೆ ಇಳಿಯಬೇಕು. ಎಲ್ಲ ಸೇರಿ 2 ಕಿಲೋಮೀಟರಿಗೆ ತುಸು ಹೆಚ್ಚು. ಬೆಲ್ಜಿಯಂ ರೇಸುಗಳ ವೀಡಿಯೋ ನೋಡಿ ಕಲಿತ ಲೆಕ್ಕಗಳು ಇಲ್ಲಿ ತಲೆಕೆಳಗಾಗುವುದು ಈ ಪದವಿನಿಂದಲೇ. ಆಟಿಯ ಹೊತ್ತಿಗೆ ಕಲ್ಲಿನ ಮೇಲೆ ಕಪ್ಪು ಪಾಚಿ ಹಿಡಿದಿರುತ್ತದೆ, ಅದಕ್ಕೆ 25ಕ್ಕಿಂತ ಕಡಿಮೆ ಗಾಳಿಯ ಮೆತ್ತಗಿನ ಟಯರು ಬೇಕು. ಆದರೆ ಅದೇ ಕಲ್ಲಿಗೆ ಉಳಿ ಹಾಕಿದಂತಹ ಅಂಚುಗಳಿದ್ದು, ಅವು 40ಕ್ಕಿಂತ ಕಡಿಮೆ ಗಾಳಿಯ ಟ್ಯೂಬನ್ನು ಉಳಿಯಗೊಡುವುದಿಲ್ಲ.

ಮೊದಲ ಮಳೆಗಾಲದಲ್ಲಿ ನಾನು ಟ್ಯೂಬು ಹಾಕಿಕೊಂಡೇ ಓಡಿಸಿದೆ. 45 ಇಟ್ಟಾಗ ಪಂಕ್ಚರಿಲ್ಲ, ಆದರೆ ಪದವಿನ ತಿರುವಿನಲ್ಲಿ ಮೂರು ಸಲ ಬಿದ್ದು ಮೊಣಕೈ ಸುಲಿಸಿಕೊಂಡೆ. 30ಕ್ಕೆ ಇಳಿಸಿದಾಗ ಹಿಡಿತವೇನೋ ಬಂತು, ಆದರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಒಂದರ ಪಕ್ಕದಲ್ಲಿ ಒಂದರಂತೆ ಎರಡು ತೂತು ಬೀಳತೊಡಗಿತು. ಮೇ ಕೊನೆಗೆ ಬರುವ ಪತ್ತನಾಜೆಯಿಂದ ನವರಾತ್ರಿಯವರೆಗೆ ಹಾಳಾದ ಟ್ಯೂಬುಗಳು ಇಪ್ಪತ್ತರ ಹತ್ತಿರ. ಒಂದಕ್ಕೆ 250 ರೂಪಾಯಿಯಂತೆ ಲೆಕ್ಕ ಹಾಕಿದರೆ ಐದು ಸಾವಿರ. ಸೈಕಲ್ಲನ್ನೇ ಮಂಗಳೂರಿನಿಂದ ಹಳೆಯದು ನೋಡಿ 11 ಸಾವಿರಕ್ಕೆ ತಂದವನಿಗೆ ಇದು ತಡೆಯುವ ಖರ್ಚಲ್ಲ. ಯುರೋಪಿನ ದೊಡ್ಡ ಸವಾರರು ರಿಮ್ಮಿಗೆ ಅಂಟಿಸುವ ಟ್ಯೂಬುಲರ್ ಟಯರುಗಳಿಂದ ಈ ತೊಂದರೆಯನ್ನು ದಾಟಿಕೊಂಡರು, ಆದರೆ ಅದರ ಒಂದು ಜೊತೆಯ ಬೆಲೆಗೆ ನನ್ನ ಇಡೀ ಸೈಕಲ್ಲು ಬರುತ್ತದೆ. ಮಂಗಳೂರಿನ ಗೆಳೆಯರು ಟ್ಯೂಬ್‌ಲೆಸ್ ರಿಮ್ಮು, ಟ್ಯೂಬ್‌ಲೆಸ್ ಟಯರು, ವಿದೇಶಿ ಸೀಲೆಂಟು ಎಂದು ಪಟ್ಟಿ ಕೊಟ್ಟರು. ಕೂಡಿಸಿ ನೋಡಿದಾಗ 18 ಸಾವಿರ ದಾಟಿತು. "ಇಲ್ಲವಾದರೆ ಟ್ಯೂಬ್‌ಲೆಸ್ಸಿನ ಆಸೆಯನ್ನೇ ಬಿಡಿ" ಎಂದು ಅವರಲ್ಲೊಬ್ಬರು ಹೇಳಿದ್ದು ನನಗೆ ಸ್ವಲ್ಪ ನಾಟಿತು.

ಹಳೆಯ ರಿಮ್ಮಿನಲ್ಲಿಯೇ ಟ್ಯೂಬಿಲ್ಲದೆ ಗಾಳಿ ಹಿಡಿಸುವ ಪ್ರಶ್ನೆ ಬೇಗ ಬಗೆಹರಿಯಿತು. ಮಕ್ಕಳ ಸೈಕಲ್ಲಿನ 24 ಇಂಚಿನ ಟ್ಯೂಬನ್ನು ಹೊರಮೈಯಲ್ಲಿ ಉದ್ದಕ್ಕೂ ಸೀಳಿ, ಎಳೆದು ರಿಮ್ಮಿನ ಮೇಲೆ ಹಾಸಿ, ಅದರ ಮೇಲೆ ಟಯರು ಕೂರಿಸಿ, ಗಾಳಿ ಹಿಡಿದ ಮೇಲೆ ಹೊರಗುಳಿದ ರಬ್ಬರನ್ನು ಬ್ಲೇಡಿನಿಂದ ಸವರುವ ಕ್ರಮ ಮೌಂಟನ್ ಬೈಕಿನವರಲ್ಲಿ ಹಳೆಯದು. ಟಯರು 35 ಮಿಲಿಮೀಟರಿನದು. ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ನಿಯಮದಲ್ಲಿ 33 ಮಿಲಿಮೀಟರೇ ಮಿತಿ, ಆದರೆ ನಮ್ಮಲ್ಲಿ ಅಳೆದು ನೋಡುವವರಿಲ್ಲ. ಸಾಬೂನು ನೀರು ಹಚ್ಚಿ ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಒಮ್ಮೆಲೇ ಗಾಳಿ ಬಿಟ್ಟಾಗ ಅಂಚು ಎರಡು ಸಲ "ಟಪ್ ಟಪ್" ಎಂದು ಸದ್ದುಮಾಡಿ ಕೂತಿತು. ಕಷ್ಟವೆಲ್ಲ ಒಳಗೆ ಏನು ಹೊಯ್ಯಬೇಕೆಂಬುದರಲ್ಲಿತ್ತು. ಪೇಟೆಯ ಸೀಲೆಂಟುಗಳಲ್ಲಿ ಹಲವಕ್ಕೆ ಮೂಲವೇ ರಬ್ಬರ್ ಹಾಲು. ಬೆಳಗ್ಗೆ ನಾವು ಚಿಪ್ಪಿನಿಂದ ಬಕೆಟಿಗೆ ಸುರಿಯುವ ಹಾಲನ್ನು ಹಡಗಿನಲ್ಲಿ ಬಂದ ಬಾಟಲಿಯಿಂದ ಸಾವಿರ ರೂಪಾಯಿ ಕೊಟ್ಟು ಕೊಳ್ಳುವುದು ನನಗೆ ಸರಿಕಾಣಲಿಲ್ಲ.

"ಮಾಷ್ಟ್ರೇ, ಇಂದು ಟಯರಿಗೆ ಹಾಲು ಕುಡಿಸಿದಿರಿ, ನಾಳೆ ಅನ್ನ ಉಣ್ಣಿಸುತ್ತೀರಿ" ಎಂದು ಪಂಕ್ಚರ್ ಅಂಗಡಿಯವರು ನಕ್ಕರು. ಚಿಕ್ಕಪ್ಪ ನಗಲೂ ಇಲ್ಲ. "ರಬ್ಬರ್ ಶೀಟು ಮಾಡುವ ಹಾಲನ್ನು ಸೈಕಲ್ಲಿಗೆ ಹೊಯ್ಯುವವನು ಈ ಊರಿನಲ್ಲಿ ನೀನೊಬ್ಬನೇ" ಎಂದಷ್ಟೇ ಹೇಳಿ, ಹಾಲಿಳಿಸಲು ಮರ ಗೀರುವ ಟ್ಯಾಪಿಂಗ್ ಕತ್ತಿ ತೆಗೆದುಕೊಂಡು ಹೋದರು.

ಮೊದಲ ಪ್ರಯತ್ನದಲ್ಲಿ ಅವರಿಬ್ಬರೂ ಗೆದ್ದರು. ಮರದಿಂದ ಇಳಿಸಿದ ಹಾಲನ್ನು ಸೋಸಿ ಹಾಗೆಯೇ ಟಯರಿಗೆ ಹೊಯ್ದೆ. ಸಂಜೆಯೊಳಗೆ ಅದು ಹುಳಿಯಾಗಿ ಗಟ್ಟಿಕಟ್ಟಿ, ಟಯರು ಬಿಚ್ಚಿದಾಗ ಉದ್ದನೆಯ ಒಂದು ಹಸಿ ಶೀಟು ಹೊರಬಂತು. ವಾಸನೆಗೆ ಮನೆಯ ನಾಯಿ ಬಂತೇ ಹೊರತು ಮನುಷ್ಯರು ಯಾರೂ ಹತ್ತಿರ ಸುಳಿಯಲಿಲ್ಲ. ಹಾಲು ಹೆಪ್ಪುಗಟ್ಟದಂತೆ ಇಡಲು ಅಮೋನಿಯಾ ಹಾಕಬೇಕೆಂಬುದು ರಬ್ಬರ್ ಇರುವ ಮನೆಯವರಿಗೆ ಹೇಳಬೇಕಾದ ವಿಷಯವಲ್ಲ, ಆದರೆ ಎಷ್ಟು ಎಂಬಲ್ಲಿ ನಾನು ಎಡವಿದೆ. ಎರಡನೆಯ ಸಲ ಧಾರಾಳವಾಗಿ ಹಾಕಿದ್ದರಿಂದ ಹಾಲು ತಿಂಗಳುಗಟ್ಟಲೆ ಕೆಡಲಿಲ್ಲ, ಆದರೆ ಕೆಟ್ಟದ್ದು ಸೈಕಲ್ಲು. ಹಿತ್ತಾಳೆಯ ವಾಲ್ವಿನ ಬುಡದಲ್ಲಿ ಮತ್ತು ಸ್ಪೋಕನ್ನು ರಿಮ್ಮಿಗೆ ಬಿಗಿಯುವ ನಿಪ್ಪಲುಗಳ ಸುತ್ತ, ತೋಟಕ್ಕೆ ಮದ್ದು ಬಿಡುವಾಗ ಕಾಣುವ ಮೈಲುತುತ್ತಿನದೇ ನೀಲಿ ಬಣ್ಣ ಮೂಡಿತು. ಕೆಲವೇ ವಾರಗಳಲ್ಲಿ ನಾಲ್ಕು ನಿಪ್ಪಲುಗಳು ಸೀಳಿ ಚಕ್ರ ಓಲಾಡಿತು. ಚಕ್ರ ಕಟ್ಟಿಸಿದ್ದಕ್ಕೆ 1,400 ರೂಪಾಯಿ. ಅಮೋನಿಯಾ ಹಿತ್ತಾಳೆಯನ್ನು ತಿನ್ನುತ್ತದೆ ಎಂಬುದನ್ನು ಹೀಗೆ ಕೈಯಿಂದ ಕೊಟ್ಟು ಕಲಿತೆ. ಈಗ ಹಾಕುವ ಪ್ರಮಾಣ ಅದರ ಮೂರನೆಯ ಒಂದು ಭಾಗವೂ ಇರಲಾರದು. ಬಾಟಲಿಯ ಮುಚ್ಚಳ ತೆಗೆದಾಗ ಮೂಗಿಗೆ ತಿಳಿಯಬೇಕು, ಆದರೆ ಕಣ್ಣಿನಲ್ಲಿ ನೀರು ಬರಬಾರದು.

ಅಷ್ಟಾದರೂ ಹಾಲು ತೆಳುವಾಗಿಯೇ ಉಳಿಯಿತು. ಮರದ ಹಾಲಿನಲ್ಲಿ ರಬ್ಬರ್ ಇರುವುದು ಸುಮಾರು ಮೂರನೆಯ ಒಂದು ಪಾಲು, ಉಳಿದದ್ದು ಹೆಚ್ಚುಕಡಿಮೆ ನೀರೇ. ಫ್ಯಾಕ್ಟರಿಯವರು ಅದನ್ನು ಯಂತ್ರದಲ್ಲಿ ತಿರುಗಿಸಿ ನೂರಕ್ಕೆ 60ರಷ್ಟು ದಪ್ಪ ಮಾಡುತ್ತಾರೆ. ಆ ಯಂತ್ರ ನನಗೆಲ್ಲಿ? ದಾರಿ ತೋರಿಸಿದವರು ಹಿಂದೆ ಲೇಟೆಕ್ಸ್ ಕೆಲಸದಲ್ಲಿದ್ದ ಮುಳ್ಳೇರಿಯ ಕಡೆಯ ಒಬ್ಬ ಹಿರಿಯರು: "ಹುಣಸೆ ಬೀಜ ಹಾಕಿ ನೋಡಿ, ಕೆನೆ ಮೇಲೆ ಬರುತ್ತದೆ." ಬೀಜದ ಸಿಪ್ಪೆ ತೆಗೆದು ಹುಡಿಮಾಡಿ, ನೀರಿನಲ್ಲಿ ಗಂಜಿಯಂತೆ ಕಾಯಿಸಿ, ತಣಿಸಿ, ಅಮೋನಿಯಾ ಹಾಕಿದ ಹಾಲಿಗೆ ಕಲಸಿ, ಅಡಿಯಲ್ಲಿ ನಲ್ಲಿ ಕೂರಿಸಿದ ಬಕೆಟಿನಲ್ಲಿ ಅಲುಗಾಡಿಸದೆ ಇಟ್ಟೆ. ಮೊದಲ ದಿನ ಏನೂ ಕಾಣಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ನಲ್ಲಿ ತಿರುಗಿಸಿದಾಗ ಅಕ್ಕಿ ತೊಳೆದ ನೀರಿನಂತಹದ್ದು ಸುರಿದು ಸುರಿದು ಬಕೆಟಿನ ಅರ್ಧದಷ್ಟು ಖಾಲಿಯಾಯಿತು. ಮೇಲೆ ಉಳಿದದ್ದು ಮಜ್ಜಿಗೆ ಕಡೆಯುವ ಮೊದಲಿನ ಮೊಸರಿನಷ್ಟು ದಪ್ಪದ, ಬೆರಳಿಗೆ ಹತ್ತಿದರೆ ಉಜ್ಜುವಷ್ಟರಲ್ಲಿ ರಬ್ಬರಾಗುವ ಕೆನೆ. ಅಂದು ಶಾಲೆಗೆ ಹತ್ತು ನಿಮಿಷ ತಡವಾಗಿ ಹೋದೆ.

ಈ ಕೆನೆಗೆ ಸರಿಸುಮಾರು ಅಷ್ಟೇ ನೀರು, ಬೇಗ ಒಣಗದಂತೆ ಸ್ವಲ್ಪ ಗ್ಲಿಸರಿನ್, ಮತ್ತು ತೂತಿಗೆ ಅಡ್ಡ ನಿಲ್ಲುವಂತಹ ಒಂದು ಹುಡಿ ಸೇರಿದರೆ ಸೀಲೆಂಟು ಸಿದ್ಧ. ಹುಡಿಯ ವಿಷಯದಲ್ಲಿ ಹಾಳಾದದ್ದನ್ನು ಹೇಳುತ್ತೇನೆ: ಅಡಿಕೆ ಸಿಪ್ಪೆಯ ನಾರು ವಾಲ್ವಿನಲ್ಲಿ ಸಿಕ್ಕಿಕೊಂಡಿತು, ತೆಂಗಿನ ಸಿಪ್ಪೆಯ ಹುಡಿ ನೀರು ಕುಡಿದು ಉಂಡೆಗಟ್ಟಿತು, ಮರದ ಹುಡಿ ಟಯರಿನ ಅಡಿಗೆ ಇಳಿದು ಅಲ್ಲಿಯೇ ಕುಳಿತಿತು. ಕೊನೆಗೆ ಹಿಡಿಸಿದ ಹುಡಿ ನಿಮ್ಮ ಅಡುಗೆಮನೆಯ ಡಬ್ಬಿಯಲ್ಲಿಯೇ ಇದೆ, ಆದರೆ ಅದರ ಹೆಸರನ್ನೂ ಅದನ್ನು ಎಷ್ಟು ನುಣ್ಣಗೆ ಮಾಡಬೇಕೆಂಬುದನ್ನೂ ಇನ್ನೊಂದು ಮಳೆಗಾಲ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಒಂದು ಚಕ್ರಕ್ಕೆ ನೂರು ಮಿಲಿಲೀಟರಿನ ಆಸುಪಾಸು ಸಾಕು, ಖರ್ಚು ಹಾಲಿನ ಬೆಲೆ ಹಿಡಿದರೂ ಚಕ್ರಕ್ಕೆ 30 ರೂಪಾಯಿ ದಾಟುವುದಿಲ್ಲ. ಕೆಟ್ಟುಹೋದ ಪ್ರಯೋಗಗಳಿಗೆ ಎಲ್ಲ ಸೇರಿ ಏಳು ಸಾವಿರದಷ್ಟು ಹೋಗಿದೆ ಎಂಬುದು ಬೇರೆ ಮಾತು. ಮನೆಯಲ್ಲಿ ಹೇಳಿದ ಲೆಕ್ಕ ಮೂರು ಸಾವಿರ.

ಇದೇ ಗುಂಗಿನಲ್ಲಿ ಬೇರೆ ಕೆಲವನ್ನೂ ಮಾಡಿ ನೋಡಿದೆ. ಹೆಗಲಿಗೇರಿಸುವಾಗ ಸೈಕಲ್ಲಿನ ಪೈಪು ಕೊರೆಯದಿರಲೆಂದು ಮುಟ್ಟಾಳೆ (ಟೊಪ್ಪಿ) ಮಾಡುವ ಅಡಿಕೆ ಹಾಳೆಯನ್ನು ಮಡಚಿ ಕಟ್ಟಿದ್ದು ಒಣಗಿದಾಗ ಚೆನ್ನಾಗಿತ್ತು, ನೆನೆದಾಗ ಸೈಕಲ್ಲು ಹೆಗಲಿನಿಂದ ಜಾರಿತು. ಚೈನಿಗೆ ತೆಂಗಿನೆಣ್ಣೆ ಹಾಕಿದ್ದು ಎರಡನೆಯ ಸುತ್ತಿಗೆ ತೊಳೆದುಹೋಯಿತು. ಅಡಿಕೆ ಮರ ಸೀಳಿದ ದಬ್ಬೆಯಿಂದ ಮಾಡಿದ ತಡಮೆ ಮಾತ್ರ ಎಲ್ಲರಿಗೂ ಹಿಡಿಸಿತು. ನಿಯಮದ 40 ಸೆಂಟಿಮೀಟರ್ ಎತ್ತರಕ್ಕೆ, 4 ಮೀಟರ್ ಅಂತರದಲ್ಲಿ ಎರಡು ಹೂಳಿದರೆ ಸಾಕು, ಕಾಲು ತಾಗಿದರೆ ದಬ್ಬೆ ಮುರಿಯುತ್ತದೆ, ಕಾಲಲ್ಲ. ಬ್ರೇಕಿನಲ್ಲಿ ನಾನು ಹಳೆಯ ಕಾಲದವನೇ. ಯುಸಿಐ ಸೈಕ್ಲೋಕ್ರಾಸಿನಲ್ಲಿ ಡಿಸ್ಕ್ ಬ್ರೇಕಿಗೆ ಒಪ್ಪಿಗೆ ಕೊಟ್ಟದ್ದು 2010ರಲ್ಲಿ. ಅದಕ್ಕೆ ಮೊದಲು ದೊಡ್ಡವರೆಲ್ಲ ಓಡಿಸುತ್ತಿದ್ದ ಕ್ಯಾಂಟಿಲಿವರ್ ಬ್ರೇಕು (ರಿಮ್ಮನ್ನು ಎರಡು ಬದಿಯಿಂದ ಒತ್ತಿ ಹಿಡಿಯುವಂಥದ್ದು) ಕೆಸರಿಗೆ ಜಾಗ ಬಿಡುತ್ತದೆ ಎಂಬ ಕಾರಣಕ್ಕೆ ನಾನೂ ಅದನ್ನೇ ಹಾಕಿಸಿಕೊಂಡಿದ್ದೇನೆ. ಆದರೆ ಮುರಮಣ್ಣು ಅರದಂತೆ ತೇಯುತ್ತದೆ. ಒಂದು ಮಳೆಗಾಲಕ್ಕೆ ನಾಲ್ಕು ಜೊತೆ ಬ್ರೇಕ್ ರಬ್ಬರು ಬೇಕೇಬೇಕು.

ಮತ್ತೆ ಆ ದಿನದ ರೇಸಿಗೆ ಬರುತ್ತೇನೆ. ನಾಲ್ಕನೆಯ ಸುತ್ತಿನಲ್ಲಿ ಬರೆಯ ತುದಿಗೆ ಹತ್ತಿ, ಸೈಕಲ್ಲು ಇಳಿಸಿ ಪೆಡಲು ತುಳಿದದ್ದೇ ತಡ, ಹಿಂದಿನ ಚಕ್ರದಿಂದ "ಸ್ಸ್" ಎಂಬ ಸದ್ದು ಕೇಳಿತು. ಬಗ್ಗಿ ನೋಡಿದರೆ ಚೂರಿಮುಳ್ಳಿನ ಒಂದು ತುಂಡು ಟಯರಿಗೆ ನೆಟ್ಟು ಮುರಿದಿತ್ತು, ಚಕ್ರ ತಿರುಗಿದಂತೆಲ್ಲ ಬಿಳಿಯ ಹನಿಗಳು ನನ್ನ ಮೀನಖಂಡಕ್ಕೆ ಸಿಡಿಯುತ್ತಿದ್ದವು. ಮಂಗಳೂರಿನ ಗೆಳೆಯರಲ್ಲೊಬ್ಬರು ಪಕ್ಕದಲ್ಲಿ ದಾಟಿಹೋಗುತ್ತ "ಹೋಯಿತಲ್ಲ ಮಾಷ್ಟ್ರೇ" ಎಂದರು. ನಾನು ನಿಲ್ಲದೆ ತೂಕವನ್ನು ಮುಂದಕ್ಕೆ ಹಾಕಿಕೊಂಡು ಓಡಿಸಿದೆ. ಹತ್ತಿಪ್ಪತ್ತು ಸಲ ತಿರುಗುವಷ್ಟರಲ್ಲಿ ಸದ್ದು ಬಿಟ್ಟುಬಿಟ್ಟು ಬರತೊಡಗಿ, ಗದ್ದೆಗೆ ಇಳಿಯುವ ಮೊದಲೇ ನಿಂತುಹೋಯಿತು. ಮನೆಗೆ ಬಂದು ಅಳೆದಾಗ 21 ಇತ್ತು. "ಹೋಯಿತಲ್ಲ" ಎಂದವರನ್ನು ಐದನೆಯ ಸುತ್ತಿನ ಪಾಚಿಯಲ್ಲಿ, ಅವರು ಸೈಕಲ್ಲಿನಿಂದಿಳಿದು ನಡೆಯುತ್ತಿರುವಾಗ ದಾಟಿದೆ.

ಮಾಡಿ ನೋಡುವವರು ಎರಡು ವಿಷಯ ನೆನಪಿಡಬೇಕು. ಈ ಹಾಲು ಹಾಕಿದ ಟಯರಿಗೆ ಕಾರ್ಬನ್ ಡೈಆಕ್ಸೈಡಿನ ಪುಟ್ಟ ಸಿಲಿಂಡರಿನಿಂದ ಗಾಳಿ ತುಂಬಬಾರದು. ಬದಿಯಡ್ಕದ ಗೆಳೆಯರೊಬ್ಬರು ಅವಸರದಲ್ಲಿ ಹಾಗೆ ಮಾಡಿ, ಒಳಗಿನ ಹಾಲೆಲ್ಲ ಗಿಣ್ಣಿನಂತೆ ಒಡೆದು, ತಪ್ಪನ್ನು ನನ್ನ ಬಾಟಲಿಯ ಮೇಲೆ ಹಾಕಿದರು. ಎರಡನೆಯದಾಗಿ, ಮಳೆಗಾಲದ ಟ್ಯಾಪಿಂಗಿನ ಹಾಲು ಬೇಡ, ಅದು ತೆಳು; ನಾನು ಮಕರ ಸಂಕ್ರಾಂತಿಯ ಹೊತ್ತಿಗೆ ತೆಗೆದು ಕೆನೆಮಾಡಿ ಇಡುತ್ತೇನೆ. ಐದಾರು ವಾರಕ್ಕೊಮ್ಮೆ ವಾಲ್ವಿನ ಕಡ್ಡಿ ತೆಗೆದು ಸಿರಿಂಜಿನಲ್ಲಿ ಇನ್ನಷ್ಟು ಹೊಯ್ಯಬೇಕಾಗುತ್ತದೆ.

ಸರಿಹೋಗದ ಒಂದು ಸಂಗತಿ ಉಳಿದಿದೆ. ಎರಡನೆಯ ತಡಮೆ ದಾಟಿ ಓಡುತ್ತಲೇ ಸೀಟಿಗೆ ಹಾರಿದಾಗ, ಸೈಕಲ್ಲು ಓರೆಯಾಗಿದ್ದರೆ ಹಿಂದಿನ ಟಯರಿನ ಅಂಚು ಒಂದು ಕ್ಷಣ ಬಿಟ್ಟು ತುಸು ಗಾಳಿ ಹೊರಗೆ ಹೋಗುತ್ತದೆ; 26 ಇಟ್ಟರೆ ಹೋಗುವುದಿಲ್ಲ, 24ರಲ್ಲಿ ಹೋಗುತ್ತದೆ. ಸೀಳಿದ 24 ಇಂಚಿನ ಟ್ಯೂಬಿನ ಬದಲು 20 ಇಂಚಿನದನ್ನು ಹೆಚ್ಚು ಎಳೆದು ಹಾಸಿದರೆ ಹಿಡಿತ ಬಿಗಿಯಾದೀತೆಂಬ ಅಂದಾಜಿನಿಂದ ಎರಡು ಟ್ಯೂಬು ತಂದಿಟ್ಟಿದ್ದೇನೆ. ಪತ್ತನಾಜೆ ಕಳೆದು, ಪದವಿನಲ್ಲಿ ಪಾಚಿ ಹಿಡಿದ ಮೇಲೆ ಅದನ್ನು ಹಾಕಿ ನೋಡಬೇಕು.